ನಾಗಪತಿ ಗೌಡರ ಬಾಣಂತನ

ನಾಗಪತಿ ಗೌಡರಿಗೆ ಕಾಯಿಲೆ ಇದೆ ಎಂದು ಖಚಿತವಾದ ದಿನ ಮನೆಯಲ್ಲಿ ಪಾಯಸ ಮಾಡಲಿಲ್ಲ ಎನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹಬ್ಬದಂತೆಯೇ ಇತ್ತು.

ಮೂರು ವರ್ಷಗಳ ಹಿಂದೆ ಅವರಿಗೊಂದು ಜ್ವರ ಬಂದಿತ್ತು. ಜ್ವರ ಹೋಯಿತು, ಸುಸ್ತು ಉಳಿಯಿತು. ಬೆಳಿಗ್ಗೆ ಎದ್ದವರು, ರಾತ್ರಿಯೆಲ್ಲ ಯಾರದೋ ಗದ್ದೆ ಹೂಡಿ ಬಂದವರಂತೆ ಮಂಚದ ಅಂಚಿನಲ್ಲಿ ಕೂತುಬಿಡುತ್ತಿದ್ದರು. ಹೊನ್ನಾವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅವರು ಗುಮಾಸ್ತರು. ಒಂದು ವರ್ಗಾವಣೆ ಪತ್ರ ಬರೆದು ಮೇಜಿನ ಮೇಲೆ ತಲೆಯಿಡುತ್ತಿದ್ದರು. ಆಮೇಲೆ ಇನ್ನೊಂದು ಬರೆಯುತ್ತಿದ್ದರು. ಪೇಟೆಗೆ ಹೋದರೆ ಮೆಟ್ಟಿಲಿದ್ದ ಅಂಗಡಿಯಲ್ಲೆಲ್ಲ ಕೂರುತ್ತಿದ್ದರು. ಸಾಮಾನು ಕೊಳ್ಳುತ್ತಿರಲಿಲ್ಲ.

ಊರಿನವರು ಈ ಸ್ಥಿತಿಗೆ ತಮ್ಮದೇ ಕಾರಣಗಳನ್ನು ಕಂಡುಕೊಂಡಿದ್ದರು. ಸರ್ಕಾರಿ ಸಂಬಳ ತಿಂದವರಿಗೆ ಹೀಗೇ ಆಗುತ್ತದೆ ಎಂದು ಕೆಲವರು ಹೇಳಿದರು. ಹೆಂಡತಿ ಮಾದೇವಿಯ ತಮ್ಮ, "ಭಾವಂಗೆ ಮೈಗಳ್ಳತನ. ಅದಕ್ಕೆ ಗುಳಿಗೆ ಇಲ್ಲ, ಬರ್ಲುಕೋಲು ಅದೆ," ಎಂದ. ರಕ್ತ, ಮೂತ್ರ, ಥೈರಾಯ್ಡು, ಹೃದಯ ಎಲ್ಲದರ ಪರೀಕ್ಷೆ ಆಯಿತು. ರಿಪೋರ್ಟು ನಾರ್ಮಲ್ ಎಂದು ಬಂದಾಗಲೆಲ್ಲ ಮನೆಯವರು ಸಮಾಧಾನಪಟ್ಟರು, ನಾಗಪತಿ ಕುಗ್ಗಿದರು. ನಾರ್ಮಲ್ ಆದ ಮನುಷ್ಯ ಮೆಟ್ಟಿಲ ಮೇಲೆ ಕೂತರೆ ಅವನಿಗೆ ಸೋಮಾರಿ ಎನ್ನದೆ ಬೇರೇನು ಹೇಳುತ್ತಾರೆ.

ಕೊನೆಗೆ ಕುಮಟೆಯ ಒಬ್ಬ ಡಾಕ್ಟರು ಅವರ ಮಾತನ್ನು ಕೊನೆಯ ತನಕ ಕೇಳಿ, "ಇದಕ್ಕೊಂದು ಹೆಸರಿದೆ," ಎಂದರು. ಕ್ರಾನಿಕ್ ಫಟೀಗ್ ಸಿಂಡ್ರೋಮ್. ನಾಗಪತಿ ಅದನ್ನು ಎರಡು ಸಲ ಹೇಳಿಸಿಕೊಂಡು, ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿಪಾಠ ಮಾಡಿ, ಇಳಿಯುವ ಮೊದಲು ಕಂಡಕ್ಟರನಿಗೂ ಹೇಳಿದರು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಇಷ್ಟು ಗೌರವ ಅವರಿಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ಹೆಸರಿದ್ದರೂ ಮದ್ದು ಇರಲಿಲ್ಲ. ಜೊತೆಗೆ ಹೋಗಿದ್ದ ಮಗಳು ಅಂಕಿತಾ ಲ್ಯಾಬ್ ಟೆಕ್ನಿಶಿಯನ್. ಅವಳು ಫೋನಿನಲ್ಲಿ ಏನನ್ನೋ ಓದಿಕೊಂಡಿದ್ದಳು. ದೂರದ ದೇಶಗಳಲ್ಲಿ ಇಂಥ ರೋಗಿಗಳನ್ನು ಬಿಸಿ ಕೋಣೆಯಲ್ಲಿ ಕೂರಿಸಿ, ಬೆವರಿದ ಮೇಲೆ ಕಂಬಳಿ ಹೊದೆಸಿ ಮಲಗಿಸುತ್ತಾರಂತೆ, ನೋಡಬಹುದೇ ಎಂದು ಕೇಳಿದಳು. "ಕೆಲವರಿಗೆ ಹಿತ ಅನಿಸಬಹುದು. ಹದವಾಗಿ ಮಾಡಿ. ನೀರು ಚೆನ್ನಾಗಿ ಕುಡೀರಿ. ತಲೆ ತಿರುಗಿದರೆ ನಿಲ್ಲಿಸಿ," ಎಂದರು ಡಾಕ್ಟರು. ಮುರ್ಡೇಶ್ವರದ ಒಂದು ರೆಸಾರ್ಟಿನಲ್ಲಿ ಅಂಥ ಕೋಣೆಯಿದೆ ಎಂದು ತಿಳಿಯಿತು. ಅಲ್ಲಿಯ ದರ ಕೇಳಿ ಮಾದೇವಿಗೂ ಸುಸ್ತು ಶುರುವಾಯಿತು.

ಅಂದು ಸಂಜೆ ಅವಳು ತೆಂಗಿನಕಾಯಿ ತುರಿಯುತ್ತ ಕೇಳಿದಳು. "ಬಿಸಿ ಕೋಣೆ. ಬಿಸಿನೀರು. ಆಮೇಲೆ ಕಂಬಳಿ ಹೊದ್ಕಂಡು ಮಲಗುದು. ಇದು ಬಾಣಂತನ ಅಲ್ವನೇ?"

ಅಂಕಿತಾ ಫೋನನ್ನು ಇನ್ನೊಮ್ಮೆ ಓದಿದಳು. "ಹೌದಮ್ಮಾ," ಎಂದಳು. "ಕೂಸೊಂದು ಇಲ್ಲ, ಅಷ್ಟೆ."

*

ಬಾಣಂತನವೆಂದರೆ ಆ ಭಾಗದಲ್ಲಿ ಲಕ್ಕಜ್ಜಿ. ಹೆದ್ದಾರಿಯ ಎರಡೂ ಬದಿಯ ಕೇರಿಗಳಲ್ಲಿ ಅವಳು ನೀರು ಹಾಕದ ಬಾಣಂತಿ ಇರಲಿಲ್ಲ. ಅವಳು ಎಣ್ಣೆಯ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾವ ಮನೆಯ ಬೇಲಿಯ ದಣಪೆ ದಾಟಿದಳೋ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದೆ ಎಂದೇ ಅರ್ಥ. ಯಾರೂ ವಿಚಾರಿಸುತ್ತಿರಲಿಲ್ಲ, ನೋಡಿದವರು ನೇರವಾಗಿ ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದರು.

ಲಕ್ಕಜ್ಜಿ ನಾಗಪತಿಯವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾವಾಗ ಆದದ್ದು?"

"ಮೂರು ವರ್ಷ ಆತು ಅಜ್ಜಿ."

"ಮೂರು ವರ್ಷ ಬಿಟ್ಕಂಡು ಈಗ ಕರೀತ್ರಲ್ಲ."

"ಹೆತ್ತದ್ದಲ್ಲ ಅಜ್ಜಿ. ಸುಸ್ತು."

"ಹೆತ್ರೂ ಸುಸ್ತೇ ಆಗುದು," ಎಂದಳು ಲಕ್ಕಜ್ಜಿ. "ನೋಡು ಮಗಾ, ನಂಗೆ ಒಂದೇ ನಮೂನೆ ಮೀಸೂಕೆ ಬತ್ತದೆ. ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ ಅಂತ ನಾ ಕಲ್ತದ್ದಿಲ್ಲ. ಬೇಕಾದ್ರೆ ಮೀಯಿ, ಬೇಡಾದ್ರೆ ಬಿಡು."

ನಾಗಪತಿ ಒಪ್ಪಿದರು, ಆದರೆ ವಿಷಯ ಹೊರಗೆ ಹೋಗಕೂಡದು ಎಂಬ ಷರತ್ತು ಹಾಕಿದರು. ಲಕ್ಕಜ್ಜಿಗೆ ಅವಮಾನವಾದಂತೆ ಕಂಡಿತು. ಬಾಣಂತಿ ಕೋಣೆಯ ಸುದ್ದಿಯನ್ನು ಅವಳು ಈವರೆಗೆ ದಣಪೆ ದಾಟಿಸಿರಲಿಲ್ಲವಂತೆ. ಮಾದೇವಿಗೂ ಇಡಗುಂಜಿ ಗಣಪತಿಯ ಆಣೆ ಹಾಕಿಸಲಾಯಿತು.

ಗುಟ್ಟಿಗೆ ಕಾರಣವಿತ್ತು. ಅಂಕಿತಾಳಿಗೆ ಕುಮಟೆಯ ಕಡೆಯ ಅರುಣನೊಂದಿಗೆ ಮದುವೆ ಗೊತ್ತಾಗಿತ್ತು. ಎರಡೂ ಮನೆಯವರು ಅಡಿಕೆ ಬದಲಿಸಿಕೊಂಡಿದ್ದರು, ನಿಶ್ಚಯ ಮುಂದಿನ ತಿಂಗಳು. ಹುಡುಗನ ತಂದೆ ಬೀರಪ್ಪ ಗೌಡರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರಿಗೆ ಯಂತ್ರಗಳ ಮೇಲೆ ಭಕ್ತಿ. ಅವರು ಫೋನು ಮಾಡಿ ಆರೋಗ್ಯ ವಿಚಾರಿಸಿದಾಗ ನಾಗಪತಿ, "ಹೀಟ್ ಥೆರಪಿಗೆ ಸೇರ್ಕಂಡಿದ್ದೆ ಭಾವ," ಎಂದುಬಿಟ್ಟಿದ್ದರು. ಆ ಹೊತ್ತಿಗೆ ಅವರು ತಮ್ಮ ಮನೆಯ ಕತ್ತಲೆ ಕೋಣೆಯಲ್ಲಿ ಕಂಬಳಿಯೊಳಗೆ ಇದ್ದರು.

"ಎಲ್ಲಿ ಭಾವ?"

"ಇಲ್ಲೇ ಮಂಗಳೂರು ಬದಿಗೆ."

"ಮಷಿನಿಂದ ಮಾಡುದಾ?"

"ಮಷಿನೇ." ನಾಗಪತಿ ಬಚ್ಚಲಿನ ಹಂಡೆಯನ್ನು ನೆನಪಿಸಿಕೊಂಡರು. "ತಾಮ್ರದ್ದು."

"ತಾಮ್ರ ಅಂದ್ರೆ ಒಳ್ಳೇದೇ. ಶಾಖ ಬೇಗ ಹಿಡೀತದೆ. ಕೋಳಿ ಕೂಗ್ತಾ ಅದಲ್ಲ ಭಾವ?"

"ಇಲ್ಲಿ ಎಲ್ಲ ಪ್ರಕೃತಿ ಮಧ್ಯದಲ್ಲೇ ಮಾಡುದು."

ಬೀರಪ್ಪ ಗೌಡರು ಇದನ್ನು ಕುಮಟೆಯಲ್ಲಿ ಎಷ್ಟು ಜನರಿಗೆ ಹೇಳಬಹುದೋ ಅಷ್ಟು ಜನರಿಗೆ ಹೇಳಿದರು. ಶಾಲೆಯ ಮುಖ್ಯೋಪಾಧ್ಯಾಯರಿಗೂ ನಾಗಪತಿ ಇದೇ ಮಾತು ಹೇಳಿ ವೈದ್ಯಕೀಯ ರಜೆ ಹಾಕಿದ್ದರು. ಹೀಗಾಗಿ ಅವರು ಊರಿನ ದೃಷ್ಟಿಯಲ್ಲಿ ಮಂಗಳೂರಿನಲ್ಲಿದ್ದರು. ಹಗಲು ಹೊರಗೆ ಮುಖ ಹಾಕುವಂತಿರಲಿಲ್ಲ.

*

ಚಿಕಿತ್ಸೆ ಹಿತ್ತಿಲ ಬಚ್ಚಲುಮನೆಯಲ್ಲಿ ನಡೆಯುತ್ತಿತ್ತು. ಮೊದಲು ಅರಿಸಿನ ಹಾಕಿ ಕಾಯಿಸಿದ ಎಣ್ಣೆ. ಲಕ್ಕಜ್ಜಿ ಅದನ್ನು ತಿಕ್ಕುವಾಗ ನಾಗಪತಿಯವರ ಮೈಯಲ್ಲಿ ಎಲುಬುಗಳು ಎಲ್ಲೆಲ್ಲಿವೆ ಎಂಬುದು ಅವರಿಗೆ ಮೊದಲ ಬಾರಿ ತಿಳಿಯಿತು. ಆಮೇಲೆ ನೀರು. ನೀರನ್ನು ಹೊಯ್ಯುವುದಲ್ಲ, ದೂರದಿಂದ ಬೀಸಿ ಬೆನ್ನಿಗೆ ಹೊಡೆಯುವುದು. ಹದವಾಗಿ ಎಂದ ಡಾಕ್ಟರ ಮಾತನ್ನು ನೆನಪಿಸಿದರೆ, "ಹದ ನಂಗೆ ಗೊತ್ತದೆ, ನೀ ಬಗ್ಗು," ಎನ್ನುತ್ತಿದ್ದಳು. ಕೊನೆಗೆ ಮಾದೇವಿಯೇ ಹಂಡೆಯ ಪಕ್ಕ ತಣ್ಣೀರಿನ ಕೊಡ ಇಟ್ಟುಕೊಂಡು ನಿಂತು, ಅಜ್ಜಿ ಬೆನ್ನು ತಿರುಗಿಸಿದಾಗಲೆಲ್ಲ ಹದ ಮಾಡುತ್ತಿದ್ದಳು.

ಮಿಂದ ಮೇಲೆ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಗೆ ಕಂಬಳಿ. ಹೊಟ್ಟೆಗೆ ಮಾದೇವಿಯ ಹಳೆಯ ಸೀರೆ.

"ಹೊಟ್ಟೆ ಕಟ್ಟೂದು ಎಂತಕ್ಕೆ ಅಜ್ಜಿ?"

"ಕಟ್ಟದಿದ್ರೆ ಜೋತು ಬೀಳ್ತದೆ."

"ಇದು ಮೊದಲಿಂದಲೂ ಹೀಂಗೇ ಅದೆ."

"ಎಲ್ಲರೂ ಹಾಂಗೇ ಹೇಳುದು."

ಮಂಚದ ಕೆಳಗೆ ಕೆಂಡದ ಮಡಕೆ, ಅದಕ್ಕೆ ಓಮ ಹಾಕಿ ಹೊಗೆ. ಫ್ಯಾನ್ ಇಲ್ಲ. ಮಾರ್ಚ್ ತಿಂಗಳ ಕರಾವಳಿಯಲ್ಲಿ ಉಳಿದವರೆಲ್ಲ ಬೆವರನ್ನು ಪುಕ್ಕಟೆಯಾಗಿ ಅನುಭವಿಸುತ್ತಿದ್ದಾಗ ನಾಗಪತಿ ಒಬ್ಬರು ಮಾತ್ರ ಅದನ್ನು ಕ್ರಮಬದ್ಧವಾಗಿ ಪಡೆಯುತ್ತಿದ್ದರು. ಊಟಕ್ಕೆ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ಹಾಲು, ಮಜ್ಜಿಗೆ, ತಣ್ಣೀರು ಇಲ್ಲ. ನೀರು ಕುಡಿಯಿರಿ ಎಂದು ಡಾಕ್ಟರು, ಬೇಡ ಎಂದು ಅಜ್ಜಿ. ನಡುವೆ ಮಾದೇವಿ ತಲೆದಿಂಬಿನ ಅಡಿಯಲ್ಲಿ ಬಾಟಲಿ ಬಚ್ಚಿಡುತ್ತಿದ್ದಳು. ಎರಡನೇ ವಾರ ಲಕ್ಕಜ್ಜಿ ಶಾರ್ಕ್ ಮರಿಯ ಸಾರು ಮಾಡಲು ಹೇಳಿದಳು.

"ಇದ್ರಿಂದ ಹಾಲು ಹೆಚ್ಚಾಗ್ತದೆ."

"ನಂಗೆ ಹಾಲು ಎಂತಕ್ಕೆ ಅಜ್ಜಿ?"

"ಹಾಲು ಬೇಡಾದ್ರೆ ಬಿಡು. ಮೀನು ತಿನ್ನು."

ಹೊರಗಿನ ಜಗತ್ತಿಗೆ ಈ ಮಾತುಗಳು ಕೇಳಿಸುತ್ತಿರಲಿಲ್ಲ. ಕಾಣಿಸುವುದು ಮಾತ್ರ ಕಾಣಿಸುತ್ತಿತ್ತು. ಹೆದ್ದಾರಿ ಅಗಲ ಮಾಡುವಾಗ ಜಾಗ ಕಳೆದುಕೊಂಡ ಶುಕ್ರನ ಚಾದಂಗಡಿ ಈಗ ಅವರ ಓಣಿಯ ಬಾಯಿಗೇ ಬಂದು ಕೂತಿತ್ತು. ರಸ್ತೆ ಅಗಲವಾದದ್ದರಿಂದ ಯಾರಿಗೆ ಏನು ಲಾಭವಾಯಿತೋ ತಿಳಿಯದು. ಶುಕ್ರನಿಗೆ ಮಾತ್ರ ನಾಗಪತಿಯವರ ಅಂಗಳ ಪೂರ್ತಿ ಕಾಣುವಂತಾಯಿತು. ದಿನವೂ ಲಕ್ಕಜ್ಜಿ ಒಳಗೆ ಹೋಗುತ್ತಾಳೆ. ಓಮದ ಹೊಗೆ ಬರುತ್ತದೆ. ಮಾದೇವಿ ಮೀನಿನವಳ ಹತ್ತಿರ ಶಾರ್ಕ್ ಮರಿ ಕೇಳಿ ತೆಗೆದುಕೊಳ್ಳುತ್ತಾಳೆ, ಯಾರಿಗೆ ಎಂದರೆ ಸುಮ್ಮನೆ ನಗುತ್ತಾಳೆ. ಗೌಡರು ಮಂಗಳೂರಿನಲ್ಲಿ. ಮಾದೇವಿಗೆ ಐವತ್ತು ಹತ್ತಿರ. ಹಾಗಾದರೆ ಅಂಕಿತಾ ಎಲ್ಲಿ?

ಅಂಕಿತಾ ಭಟ್ಕಳದಲ್ಲಿದ್ದಳು. ಅವಳ ಲ್ಯಾಬಿನವರು ಅಲ್ಲಿ ಹೊಸ ಶಾಖೆ ತೆರೆದು ಅವಳನ್ನು ಎರಡು ತಿಂಗಳ ಮಟ್ಟಿಗೆ ಕಳಿಸಿದ್ದರು. ಉಳಿದುಕೊಂಡದ್ದು ಮುರ್ಡೇಶ್ವರದ ಚಿಕ್ಕಮ್ಮನ ಮನೆಯಲ್ಲಿ. ಇದನ್ನು ಮಾದೇವಿ ಎಲ್ಲರಿಗೂ ಹೇಳಿಯೇ ಇದ್ದಳು. ಆದರೆ ಎಲ್ಲರಿಗೂ ಹೇಳಿದ ವಿಷಯವನ್ನು ಯಾರೂ ನಂಬುವುದಿಲ್ಲ.

"ಮೊನ್ನೆ ಮೊನ್ನೆವರೆಗೆ ಸಪೂರ ಇತ್ತಲ್ಲ ಹುಡುಗಿ," ಎಂದು ಚಾ ಕುಡಿಯುತ್ತಿದ್ದ ಒಬ್ಬರು ಸಂಶಯ ಎತ್ತಿದರು.

"ಈಗಿನವ್ರು ಹಾಕೂ ಚೂಡಿದಾರದ ಒಳಗೆ ಎಂತ ಬೇಕಾದ್ರೂ ಅಡಗ್ತದೆ ಮಾರಾಯ," ಎಂದ ಶುಕ್ರ. "ನಾ ಯಾರ ಸುದ್ದಿಗೂ ಹೋಪವ ಅಲ್ಲ. ಲಕ್ಕಜ್ಜಿ ಮೂರು ವಾರದಿಂದ ಆ ಮನೆಗೆ ಎಂತ ಹಂಡೆ ತೊಳೂಕೆ ಹೋಗ್ತದೆ?"

ಸಂಶಯ ಎತ್ತಿದವರು ಚಾ ಮುಗಿಸಿದರು. ಲೆಕ್ಕ ಅವರಿಗೂ ಸರಿಬಂತು.

*

ಮೊದಲು ಬಂದವಳು ಆಶಾ ಕಾರ್ಯಕರ್ತೆ ದೀಪಾ. ತನ್ನ ವ್ಯಾಪ್ತಿಯಲ್ಲಿ ತನಗೆ ತಿಳಿಯದೆ ಒಂದು ಹೆರಿಗೆ ಆಗಿದೆ ಎಂಬುದು ಅವಳ ನಿದ್ದೆ ಕೆಡಿಸಿತ್ತು. ಮೇಲಿನವರು ಕೇಳಿದರೆ ಏನು ಹೇಳುವುದು. ಆದರೆ ಇದು ಸೂಕ್ಷ್ಮ ವಿಷಯ. ಹೆಸರು ಎತ್ತಬಾರದು, ಬೆರಳು ತೋರಿಸಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಅವಳು ಜಗಲಿಯಲ್ಲಿ ಕೂತು ಸ್ವರ ತಗ್ಗಿಸಿದಳು.

"ಮಾದೇವಕ್ಕ, ನಂಗೆಲ್ಲ ಗೊತ್ತಾತು. ಹೆದರ್ಬೇಡಿ. ನಾನು ಯಾರಿಗೂ ಹೇಳುದಿಲ್ಲ."

ಮಾದೇವಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳು ತಾನಾಗಿ ಹೇಳದಿದ್ದುದರಿಂದ ಆಣೆಗೂ ಭಂಗವಿರಲಿಲ್ಲ. "ಗೊತ್ತಾದ್ದು ಒಳ್ಳೇದೇ ಆತು ತಂಗಿ. ಒಬ್ಳೇ ಸುಧಾರ್ಸೂಕೆ ನಂಗೂ ಕಷ್ಟ ಆಗಿತ್ತು."

"ಈಗ ಹೇಂಗದೆ?"

"ಅಡ್ಡಿಲ್ಲ. ಮೊದ್ಲು ಎದ್ದು ಕೂರೂಕೇ ಆಗ್ತಿರ್ಲಿಲ್ಲ. ಈಗ ಬಚ್ಚಲವರೆಗೆ ನಡ್ಕಂಡು ಹೋಪುದು ಅದೆ."

"ನಾರ್ಮಲಾ?"

"ರಿಪೋರ್ಟ್ ಎಲ್ಲ ನಾರ್ಮಲ್. ಅದೇ ತೊಂದ್ರೆ ಆದದ್ದು."

ದೀಪಾಗೆ ಇದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಮುಖ್ಯ ಪ್ರಶ್ನೆ ಇನ್ನೂ ಬಾಕಿ ಇತ್ತು. "ಹಾಲು ಸರಿಯಾಗಿ ಕೊಡ್ತಾ ಇದ್ರಾ?"

"ಹಾಲಾ? ಹನಿ ಹಾಲು ಕೊಡ್ತಿಲ್ಲ. ಲಕ್ಕಜ್ಜಿ ಬೇಡ ಅಂದದೆ. ಬರೀ ಕಾಳುಮೆಣಸಿನ ಕಷಾಯ."

ದೀಪಾ ಎದ್ದು ನಿಂತಳು. "ಹಾಲೇ ಇಲ್ದೆ ಕಾಳುಮೆಣಸಾ ಮಾದೇವಕ್ಕ?"

"ಬೆಳ್ಳುಳ್ಳಿಯೂ ಅದೆ."

ಒಳಗಿನಿಂದ ಒಂದು ದೀರ್ಘ ನರಳಿಕೆ ಕೇಳಿಸಿತು. ನಾಗಪತಿ ಮಗ್ಗುಲು ಬದಲಿಸುತ್ತಿದ್ದರು.

"ನಾನೊಂದು ಸಲ ನೋಡ್ಬೇಕು."

"ಈಗ ಬೇಡ ತಂಗಿ. ನಾಚಿಕೆ ಜಾಸ್ತಿ."

"ನಾಚಿಕೆ ಇರ್ತದೆ. ಯಾರಿಗಾದ್ರೂ ಇರ್ತದೆ," ಎಂದಳು ದೀಪಾ. ಅವಳ ಕಣ್ಣು ತುಂಬಿತ್ತು. "ನಾಡಿದ್ದು ಗುರುವಾರ ಸಿಸ್ಟರನ್ನ ಕರ್ಕಂಡು ಬರ್ತೆ. ಅಲ್ಲೀವರೆಗೆ ಆ ಕಷಾಯ ಮಾತ್ರ ನಿಲ್ಸಿ. ನಿಮ್ಮ ಕಾಲಿಗೆ ಬೀಳ್ತೆ."

ಅವಳು ಹೋದ ಮೇಲೆ ಮಾದೇವಿ ಒಳಗೆ ಬಂದು, "ಸುಸ್ತು ಅಂದ್ರೆ ಸರ್ಕಾರಕ್ಕೂ ಎಷ್ಟು ಕಾಳಜಿ ಅದೆ ನೋಡಿ. ಆ ಹುಡುಗಿ ಅತ್ತೇಬಿಟ್ತು," ಎಂದಳು. ನಾಗಪತಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡರು. ಸರ್ಕಾರ ತಮ್ಮನ್ನು ಇಷ್ಟು ತಡವಾಗಿ ಗುರುತಿಸಿದ್ದಕ್ಕೆ ಅವರಿಗೆ ಬೇಸರವಿರಲಿಲ್ಲ.

ಬುಧವಾರ ಕುಮಟೆಯ ಸಂತೆ. ಅರುಣನ ತಾಯಿ ಗಣಪಿಯವರು ತಮ್ಮ ಹಿತ್ತಿಲ ಬದನೆಕಾಯಿ ಮಾರಲು ಕೂತಿದ್ದಾಗ ಯಾರೋ ಒಬ್ಬರು ಬದನೆಕಾಯಿ ಆರಿಸುತ್ತ, "ನಿಮ್ಮ ಹೊಸ ಸಂಬಂಧದ ಮನೇಲಿ ತೊಟ್ಲು ಕಟ್ಟಿದ್ರಂತೆ, ನಿಮ್ಗೆ ಹೇಳಿಕೆ ಬರ್ಲಿಲ್ವಾ?" ಎಂದು ಕೇಳಿದರು. ಗಣಪಿಯವರು ಬದನೆಕಾಯಿ ತೂಗಿ ಕೊಟ್ಟರು, ಚಿಲ್ಲರೆ ಕೊಟ್ಟರು, ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಮನೆಗೆ ಹೋದರು.

*

ಗುರುವಾರ ಬೆಳಿಗ್ಗೆ ನಾಗಪತಿಯವರ ಅಂಗಳಕ್ಕೆ ಎರಡು ಕಡೆಯಿಂದ ಜನ ಬಂದರು. ಓಣಿಯ ಕಡೆಯಿಂದ ದೀಪಾ ಮತ್ತು ಆರೋಗ್ಯ ಕೇಂದ್ರದ ಸಿಸ್ಟರ್. ಅವರ ಹಿಂದೆಯೇ ಟೆಂಪೋ ಇಳಿದು ಗದ್ದೆಯಂಚಿನಿಂದ ಬೀರಪ್ಪ ಗೌಡರು ಮತ್ತು ಗಣಪಿಯವರು. ಯಾರಿಗಾದರೂ ಚಾ ಬೇಕಾದೀತು ಎಂದು ಶುಕ್ರನೂ ಕೆಟಲು ಹಿಡಿದು ಬಂದ. ಯಾರೂ ಚಾ ಹೇಳಿರಲಿಲ್ಲ.

ಹಿತ್ತಿಲಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

"ಅತ್ತಿಗೆ," ಎಂದರು ಗಣಪಿಯವರು, "ನಾವು ಜಗಳಕ್ಕೆ ಬಂದವ್ರಲ್ಲ. ಹುಡುಗಿ ಮುಖ ಒಂದ್ಸಲ ನೋಡ್ಕಂಡು ಹೋಪುದು, ಅಷ್ಟೆ."

"ಅಂಕಿತಾ ಭಟ್ಕಳದಲ್ಲೇ ಅದೆ ಅತ್ತಿಗೆ."

"ಭಾವ?"

"ಥೆರಪಿ."

"ಮನೇಲಿ ಮತ್ಯಾರಿದ್ರು?"

"ಯಾರೂ ಇಲ್ಲ."

ಗಣಪಿಯವರು ಹಿತ್ತಿಲ ಕಡೆ ಕಿವಿಗೊಟ್ಟರು. ಹಿತ್ತಿಲಿನಲ್ಲಿ ಚೊಂಬು ಹಂಡೆಗೆ ತಾಗಿತು, ನೀರು ಬೆನ್ನಿಗೆ ಬಿತ್ತು, ಚೊಂಬು ಹಂಡೆಗೆ ತಾಗಿತು.

"ಹಾಂಗಾರೆ ಮೀತಾ ಇರುದು ಯಾರು?"

ಮಾದೇವಿ ತನ್ನ ಕಾಲಿನ ಬೆರಳುಗಳನ್ನು ನೋಡಿದಳು. ಇಡಗುಂಜಿಯ ಗಣಪತಿ ಎಷ್ಟು ದೂರದವರೆಗೆ ಆಣೆ ಕೇಳಿಸಿಕೊಳ್ಳುತ್ತಾನೆ ಎಂದು ಅವಳು ಯೋಚಿಸುತ್ತಿದ್ದಿರಬೇಕು. ಅಷ್ಟರಲ್ಲಿ ಅಂಗಳದ ಮೂಲೆಯಿಂದ ಕಾಣುವ ಬಚ್ಚಲುಮನೆಯ ಬಾಗಿಲು ತುಸು ತೆರೆದು ಲಕ್ಕಜ್ಜಿಯ ತಲೆ ಹೊರಬಂತು.

"ಎಂತ ಗೌಜಿ ಅದು? ಬಾಣಂತಿ ಮೀತದೆ. ಗಾಳಿ ತಾಗ್ತದೆ, ಅತ್ಲಾಗೆ ಹೋಗಿ." ತಲೆ ಒಳಗೆ ಹೋಯಿತು. ಅವಳು ಮೀಸುವವರಿಗೆಲ್ಲ ಅವಳಲ್ಲಿ ಇದ್ದದ್ದು ಅದೊಂದೇ ಹೆಸರು.

ಶುಕ್ರ ಕೆಟಲನ್ನು ಕೆಳಗಿಟ್ಟ. ದೀಪಾ ಸಿಸ್ಟರ ಮುಖ ನೋಡಿದಳು. ಬೀರಪ್ಪ ಗೌಡರು ತೋಟದ ಬೇಲಿಯಲ್ಲಿ ಯಾವುದೋ ಕಂಬವನ್ನು ಪರೀಕ್ಷಿಸತೊಡಗಿದರು. ಗಣಪಿಯವರು ಸೆರಗಿನ ತುದಿಯ ಗಂಟು ಬಿಚ್ಚಿ, ಮದುವೆಯ ಮಾತು ಮುಗಿದ ದಿನ ಈ ಮನೆಯವರು ಕೊಟ್ಟಿದ್ದ ಅಡಿಕೆಯನ್ನು ತೆಗೆದು ಜಗಲಿಯ ಮೇಲಿಟ್ಟರು.

"ನಿಮ್ಮ ಅಡಿಕೆ ನಿಮ್ಗೆ. ನಮ್ಮದು ಕೊಟ್ಟುಬಿಡಿ ಅತ್ತಿಗೆ. ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲ. ಮುಚ್ಚಿಟ್ರಲ್ಲ, ಅದಕ್ಕೆ."

ಬಚ್ಚಲುಮನೆಯಲ್ಲಿ ನೀರಿನ ಸದ್ದು ನಿಂತಿತು. ಒಳಗೆ ಏನೋ ಗಡಿಬಿಡಿಯಾಯಿತು. "ಹೊಟ್ಟೆ ಕಟ್ಟೂದೇ ಪೂರ್ತಿ ಆಗ್ಲಿಲ್ಲ," ಎಂದು ಲಕ್ಕಜ್ಜಿ ಕೂಗುತ್ತಿರುವಾಗಲೇ ಬಾಗಿಲು ತೆರೆಯಿತು.

ನಾಗಪತಿ ಗೌಡರು ಹೊರಗೆ ಬಂದರು. ತಲೆಗೆ ಬಿಳಿ ಬಟ್ಟೆ, ಕಿವಿಯಲ್ಲಿ ಹತ್ತಿ, ಮೈಯೆಲ್ಲ ಅರಿಸಿನ. ಹೊಟ್ಟೆಗೆ ಅರ್ಧ ಸುತ್ತಿದ ಹಸಿರು ಸೀರೆಯ ಇನ್ನರ್ಧ ಹಿಂದೆ ಬಚ್ಚಲುಮನೆಯೊಳಗೆ ಲಕ್ಕಜ್ಜಿಯ ಕೈಯಲ್ಲಿತ್ತು. ಹೆಗಲಿನಿಂದ ಹಬೆ ಏಳುತ್ತಿತ್ತು.

"ಒಳಗಿದ್ದದ್ದು ನಾನು," ಎಂದರು. "ಬಾಣಂತಿ ನಾನೇ."

ಕೋಳಿಗಳು ಕೂಡ ಸ್ವಲ್ಪ ಸರಿದು ದಾರಿ ಬಿಟ್ಟವು.

ಮೊದಲು ಮಾತು ಬಂದದ್ದು ಬೀರಪ್ಪ ಗೌಡರಿಗೆ. "ಭಾವ, ನೀವು ಮಂಗಳೂರಲ್ಲಿ ಇದ್ರಲ್ಲ."

"ಇರ್ಲಿಲ್ಲ ಭಾವ."

"ಆ ಮಷಿನು?"

ನಾಗಪತಿ ಹಂಡೆಯ ಕಡೆ ಕೈ ತೋರಿಸಿದರು. ಬೀರಪ್ಪ ಗೌಡರು ಹಂಡೆಯನ್ನು ಬಹಳ ಹೊತ್ತು ನೋಡಿದರು. ತಾವು ಈ ಯಂತ್ರದ ಗುಣಗಾನವನ್ನು ಯಾರ ಯಾರ ಮುಂದೆ ಮಾಡಿದ್ದೇವೆ ಎಂದು ಅವರಿಗೆ ಒಬ್ಬೊಬ್ಬರಾಗಿ ನೆನಪಾಗುತ್ತಿದ್ದಂತೆ ಕಂಡಿತು.

ನಾಗಪತಿ ಎಲ್ಲವನ್ನೂ ಹೇಳಿದರು. ಕಾಯಿಲೆಯ ಹೆಸರನ್ನೂ ಹೇಳಿದರು. ಆದರೆ ಹೊಟ್ಟೆಗೆ ಹಸಿರು ಸೀರೆ ಸುತ್ತಿಕೊಂಡ ಮನುಷ್ಯನ ಬಾಯಲ್ಲಿ ಅದಕ್ಕೆ ಮೊದಲಿನ ತೂಕ ಬರಲಿಲ್ಲ. ಹೇಳಿ ಮುಗಿಸಿ ಅವರು ಗಣಪಿಯವರ ಮುಖ ನೋಡಿದರು. ಗಣಪಿಯವರು ಅಡಿಕೆಯನ್ನು ಮುಟ್ಟಲಿಲ್ಲ.

"ಪಾಪ," ಎಂದರು. "ಮಗಳ ಸಲುವಾಗಿ ಅಪ್ಪ ಎಂತ ವೇಷ ಬೇಕಾದ್ರೂ ಹಾಕ್ತ. ನನ್ನ ಅಪ್ಪ ಆಗಿದ್ರೆ ಅವ್ನೂ ಹಾಕ್ತಿದ್ದ. ಹುಡುಗಿಯನ್ನ ಎಲ್ಲಿ ಅಡಗ್ಸಿದ್ರಿ ಭಾವ? ಅಟ್ಟದ ಮೇಲಾ?"

ನಾಗಪತಿ ಇಂಥದೊಂದು ಸಾಧ್ಯತೆಯನ್ನು ಯೋಚಿಸಿರಲಿಲ್ಲ. ಮೂರು ವರ್ಷ ಅವರು ತಮಗೆ ಕಾಯಿಲೆ ಇದೆ ಎಂದರೂ ಯಾರೂ ನಂಬಿರಲಿಲ್ಲ. ಈಗ ಚಿಕಿತ್ಸೆಯನ್ನೂ ನಂಬುತ್ತಿಲ್ಲ. ಮಾದೇವಿ ಭಟ್ಕಳಕ್ಕೆ ವಿಡಿಯೋ ಕರೆ ಮಾಡಿದಳು. ಅಂಕಿತಾ ಗಾಜಿನ ಕೊಳವೆ ಹಿಡಿದು ನಿಂತಿದ್ದಳು.

"ಅಪ್ಪನನ್ನ ಎಂತಕ್ಕೆ ಅಂಗಳದಲ್ಲಿ ನಿಲ್ಸಿದ್ರಿ? ಗಾಳಿ ತಾಗುದಿಲ್ವನಾ?"

"ಮುಖ ಮಾತ್ರ ಕಾಣ್ತದೆ," ಎಂದರು ಗಣಪಿಯವರು. "ಹಿಂದಿರುದು ಯಾವ ಗೋಡೆ ಅಂತ ಯಾರಿಗೆ ಗೊತ್ತು." ಫೋನನ್ನು ಮಾದೇವಿಗೆ ವಾಪಸು ಕೊಟ್ಟರು. ಆಮೇಲೆ, ಏನೋ ಹೊಳೆದವರಂತೆ, ನಾಗಪತಿಯವರ ಕಡೆ ತಿರುಗಿದರು. "ಭಾವ, ಬೆನ್ನು ತೋರ್ಸಿ."

"ಬೆನ್ನಾ?"

"ತಿರುಗಿ ನಿಲ್ಲಿ."

ಮೂರು ಮಕ್ಕಳನ್ನು ಹೆತ್ತು ಮೂರು ಸಲ ಇದೇ ನೀರಿಗೆ ಬೆನ್ನು ಕೊಟ್ಟ ಹೆಂಗಸು ಅವರು. ಮೊದಲ ದಿನದ ಬೆನ್ನು ಹೇಗಿರುತ್ತದೆ, ವಾರದ ಬೆನ್ನು ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಗಪತಿಯವರ ಬೆನ್ನು ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. ಹೆಗಲ ಕೆಳಗೆ, ನೀರು ಬಂದು ಅಪ್ಪಳಿಸುವ ಜಾಗದಲ್ಲಿ, ಅಂಗೈಯಗಲ ಚರ್ಮ ಹೊಳೆಯುತ್ತಿತ್ತು. ಗಣಪಿಯವರು ಹತ್ತಿರ ಹೋಗಿ ನೋಡಿದರು. ಸಿಸ್ಟರನ್ನು ಕರೆದರು. ಸಿಸ್ಟರೂ ನೋಡಿದರು. ಶುಕ್ರ ಮುಂದೆ ಬರಲು ಹೋದಾಗ, "ನೀ ಅಲ್ಲೇ ನಿಲ್ಲು," ಎಂದರು ಗಣಪಿಯವರು. ಕಿವಿಯ ಹಿಂದೆ ಎಣ್ಣೆ ಕೂತದ್ದನ್ನು ನೋಡಿದರು. ಸೀರೆ ಬಿಗಿದು ಬಿಗಿದು ಸೊಂಟದಲ್ಲಿ ಬಿದ್ದ ಗೆರೆಯನ್ನು ನೋಡಿದರು.

"ಇದು ಇವತ್ತು ಹಾಕಿದ ವೇಷ ಅಲ್ಲ," ಎಂದು ಕೊನೆಗೆ ಹೇಳಿದರು. "ಎರಡು ವಾರದ ಮೇಲೆ ನೀರು ಬಿದ್ದ ಬೆನ್ನು."

"ಮೂರು," ಎಂದಳು ಲಕ್ಕಜ್ಜಿ ಬಾಗಿಲಿನಿಂದ. "ಇವ್ನ ಹೆಂಡ್ತಿ ನೀರು ತಣ್ಣಗೆ ಮಾಡ್ತದೆ. ಇಲ್ದಿದ್ರೆ ಇನ್ನೂ ಕೆಂಪಾಗ್ತಿತ್ತು. ನನ್ನ ಬೆನ್ನ ಹಿಂದೆ ನಡೂದೆಲ್ಲ ನಂಗೆ ಗೊತ್ತದೆ."

ಗಣಪಿಯವರು ಜಗಲಿಯ ಮೇಲಿನ ಅಡಿಕೆಯನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡರು.

"ಹಾಂಗಾರೆ ಕೂಸು?" ಎಂದು ಶುಕ್ರ ಕೇಳಿದ.

"ಇಲ್ಲ ಮಾರಾಯ," ಎಂದಳು ಮಾದೇವಿ.

ಶುಕ್ರ ಕೆಟಲು ಎತ್ತಿಕೊಂಡ. ಸುದ್ದಿಯನ್ನು ಹಂಚುವುದು ಸುಲಭ. ಒಬ್ಬೊಬ್ಬರ ಮನೆಯಿಂದ ವಾಪಸು ತರುವುದು ಬೆವರಿನ ಕೆಲಸ. ಅವನ ನಡಿಗೆಯಲ್ಲಿ ಅದು ಕಾಣುತ್ತಿತ್ತು. ದೀಪಾಗೆ ಕಷಾಯ ಕುಡಿದದ್ದು ಯಾರೆಂದು ತಿಳಿದು ಸಮಾಧಾನವಾಗಿತ್ತು, ಆದರೆ ಕೈಯಲ್ಲಿದ್ದ ತಾಯಿ-ಮಗುವಿನ ಕಾರ್ಡನ್ನು ಏನು ಮಾಡುವುದೆಂದು ತಿಳಿಯಲಿಲ್ಲ. "ಸುಸ್ತಿಗೆ ನಮ್ಮಲ್ಲಿ ಏನೂ ಇಲ್ಲ ಗೌಡ್ರೆ," ಎಂದು ಅವಳು ಕ್ಷಮೆ ಕೇಳುವಂತೆ ಹೇಳಿದಳು. ಸಿಸ್ಟರು ನಾಡಿ ನೋಡಿ, ನೀರು ಕುಡಿಯಿರಿ ಎಂದರು. ಲಕ್ಕಜ್ಜಿ ಕೇಳಿಸಿಕೊಳ್ಳದವಳಂತೆ ನಿಂತಳು.

ಅವರೆಲ್ಲ ಹೋದ ಮೇಲೆ ಗಣಪಿಯವರು ಕೇಳಿದರು. "ಸುಸ್ತು ನಿಜವೇ ಇತ್ತಾ ಭಾವ?"

"ಇತ್ತು. ಈಗ್ಲೂ ಅದೆ. ಸ್ವಲ್ಪ ಕಡ್ಮೆ ಆದಹಾಂಗೆ ಕಾಣ್ತದೆ."

"ಎಲ್ರೂ ಎಂತ ಹೇಳಿದ್ರು?"

"ನಾರ್ಮಲ್ ಅಂದ್ರು."

"ನಂಗೂ ಮೂರನೇದು ಹೆತ್ತಾಗ ಹಾಂಗೇ ಹೇಳಿದ್ರು," ಎಂದರು ಗಣಪಿಯವರು. ಬೀರಪ್ಪ ಗೌಡರು ಹೆಂಡತಿಯ ಮುಖವನ್ನು ಒಂದು ಸಲ ನೋಡಿ, ಮತ್ತೆ ಬೇಲಿಯ ಕಂಬದ ಕಡೆ ತಿರುಗಿದರು.

"ನಿಶ್ಚಯ ಮುಂದೆ ಹಾಕ್ವ," ಎಂದು ಗಣಪಿಯವರು ತೀರ್ಮಾನಿಸಿದರು.

ಮಾದೇವಿಯ ಮುಖ ಬಿಳಿಚಿತು. "ಮತ್ತೆಂತಾತು ಅತ್ತಿಗೆ?"

"ಎಂತ ಆಪುದು? ಬಾಣಂತನ ಅರ್ಧಕ್ಕೆ ಬಿಟ್ಟು ಎದ್ದವ್ರು ಯಾರು ಉದ್ಧಾರ ಆದದ್ದು ಅದೆ? ಪೂರ್ತಿ ಆಗ್ಲಿ. ಹುಡುಗಿ ಅಪ್ಪ ಮೈಲಿ ತ್ರಾಣ ಇಟ್ಕಂಡು ಬಂದು ಕೂರ್ಲಿ."

"ಹಾಲ್ ಬುಕ್ ಮಾಡಿ ಆಗ್ಯದೆ," ಎಂದರು ಬೀರಪ್ಪ ಗೌಡರು.

"ಹಾಲಿಗೆ ಎಂತ ಸುಸ್ತಾ? ಅದು ಅಲ್ಲೇ ಇರ್ತದೆ."

ಲಕ್ಕಜ್ಜಿ ಸೀರೆಯ ಉಳಿದರ್ಧವನ್ನು ಜಗ್ಗಿದಳು. ನಾಗಪತಿ ಹಿಂದೆ ಹಿಂದೆ ನಡೆಯುತ್ತ ಬಚ್ಚಲುಮನೆಯೊಳಗೆ ಸೇರಿದರು.

ಅವರು ಕಂಬಳಿ ಹೊದ್ದು ಮಲಗುವ ಹೊತ್ತಿಗೆ ಬೀಗರು ಜಗಲಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಬೀರಪ್ಪ ಗೌಡರದು ರೈಲಿನ ಜೊತೆ ಮಾತಾಡಿ ಬೆಳೆದ ದನಿ. ಅವರು ಹಂಡೆಯ ತೂಕದ ಬಗ್ಗೆ ಏನೋ ಕೇಳಲು ಬಾಯಿ ತೆರೆದರು.

"ಮೆಲ್ಲಗೆ," ಎಂದರು ಗಣಪಿಯವರು. "ಬಾಣಂತಿ ಮಲಗ್ಯದೆ."

ಜಗಲಿ ನಿಶ್ಶಬ್ದವಾಯಿತು. ಮಾದೇವಿ ಪಾತ್ರೆಗಳನ್ನು ಸದ್ದಾಗದಂತೆ ಎತ್ತಿಟ್ಟಳು. ಬೀರಪ್ಪ ಗೌಡರು ಅವಲಕ್ಕಿಯನ್ನು ಕೂಡ ನಿಧಾನವಾಗಿ ಅಗಿದರು. ಮೂರು ವರ್ಷಗಳಲ್ಲಿ ನಾಗಪತಿ ಹಗಲು ಮಲಗಿದಾಗ ಆ ಮನೆಯಲ್ಲಿ ಯಾರೂ ದನಿ ತಗ್ಗಿಸಿರಲಿಲ್ಲ.

ಅವರಿಗೆ ನಿದ್ದೆ ಬರಲಿಲ್ಲ. ಆದರೂ ಕಣ್ಣು ಮುಚ್ಚಿಯೇ ಇದ್ದರು. ತೆರೆದದ್ದು ಗೊತ್ತಾದರೆ ಅವರೆಲ್ಲ ಮಾತಾಡಲು ಶುರುಮಾಡುತ್ತಾರೆ.